ಹಿರಿಯರ ಪಾಲು

ಕರೆಂಟು ಹೋದದ್ದೇ ತಡ, ಡ್ರಮ್ಮಿನೊಳಗೆ ನೀರು ಕಲಕುತ್ತಿದ್ದ ಯಂತ್ರ ಗೊರ್ರೆಂದು ನಿಂತಿತು. ನೀರು ಶುದ್ಧಮಾಡುವ ಈ ಡ್ರಮ್ಮನ್ನು ವಿಶ್ವವಿದ್ಯಾಲಯದಿಂದ ತಂದಿದ್ದ ಎಕುವಾ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದಳು. ಬೆನ್ನ ಹಿಂದೆ ಬಕೆಟ್ಟು, ಬೋಗುಣಿ ಹಿಡಿದ ಹೆಂಗಸರ ಸಾಲು. ಎದುರಿಗೆ ಊರಿನ ಯಜಮಾನ ನಾನಾ ಎಡುಕು, ಪಕ್ಕದೂರಿನ ಸಾವಿನ ಮನೆಗೆ ಹೊರಡಲು ಕಪ್ಪು ಬಟ್ಟೆ ಹೊದ್ದು ಸಿದ್ಧರಾಗಿ ಕೂತಿದ್ದರು. ಅವರು ಹೂಂ ಅಂದರೆ ಡ್ರಮ್ಮು ಹೊಳೆದಂಡೆಯಲ್ಲೇ ಉಳಿಯುತ್ತದೆ. ಉಹೂಂ ಅಂದರೆ ಸಂಜೆಯ ಲಾರಿ ಹತ್ತಿ ವಿಶ್ವವಿದ್ಯಾಲಯಕ್ಕೆ ವಾಪಸ್ಸು.

"ಇನ್ನೂ ಎಷ್ಟು ಹೊತ್ತಮ್ಮಾ? ಹೆಣ ಕಾಯ್ತದೆ, ಹೆಣದ ಮನೆಯವರು ಕಾಯೋದಿಲ್ಲ," ಎಂದರು ನಾನಾ.

ಡ್ರಮ್ಮಿನಲ್ಲಿದ್ದುದು ಅದೇ ಹೊಳೆಯ ನೀರು. ಚಿನ್ನ ತೋಡುವವರು ಮೇಲ್ದಂಡೆಯನ್ನು ಬಗೆದಾಗಿನಿಂದ ಅದರಲ್ಲಿ ಕಣ್ಣಿಗೆ ಕಾಣದ ಸೀಸದ ವಿಷ ಸೇರಿತ್ತು. ಎಕುವಾ ಆ ನೀರಿಗೆ ತಾಳೆಬೀಜದ ಎಣ್ಣೆಯ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಟ್ಟಿದ್ದಳು. ಒಂದೊಂದರ ಹೊಟ್ಟೆಯಲ್ಲೂ ಒಂದಿಷ್ಟು ಆಮ್ಲ. ಎಣ್ಣೆಯೇ ಪೊರೆ. ಸೀಸ ಆ ಪೊರೆ ದಾಟಿ ಒಳಗೆ ಹೋಗಿ ಸಿಕ್ಕಿಬೀಳುತ್ತದೆ. ಗುಳ್ಳೆಗಳು ಮೇಲೆ ತೇಲಿದ ಮೇಲೆ ತೆಗೆದುಹಾಕಿದರಾಯಿತು, ಕೆಳಗಿನ ನೀರು ಕುಡಿಯಬಹುದು. ಆದರೆ ಮೆಲ್ಲಗೆ ಕಲಕಬೇಕು. ಪೊರೆ ಒಡೆಯಿತೋ, ಹಿಡಿದಿಟ್ಟ ಸೀಸವೆಲ್ಲ ಮತ್ತೆ ನೀರಿಗೇ.

"ಕಲಕೋದು ತಾನೆ?" ಸಾಲಿನಿಂದ ಆಂಟಿ ಅರಾಬಾ ಹೊರಬಂದಳು. ಮೆಕ್ಕೆಜೋಳದ ಹುಳಿಹಿಟ್ಟಿನ ಬಂಕು ಮುದ್ದೆ ಮಾಡಿ ಮಾರುವವಳು. ತಿರುವಿ ತಿರುವಿ ತೋಳು ಒನಕೆಯ ಹಾಗಾಗಿತ್ತು. "ನನ್ನ ಕೈಗೆ ಯಾವತ್ತೂ ಕರೆಂಟು ಹೋಗಿಲ್ಲ ಮಗಳೇ. ಸರಿ ಆಚೆ."

ಡ್ರಮ್ಮಿಗೆ ಒಂದು ಕಾಲು ಒತ್ತಿಕೊಟ್ಟು, ತನ್ನ ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಶುರುಮಾಡಿಯೇ ಬಿಟ್ಟಳು.

"ಸ್ವಲ್ಪ ಮೆಲ್ಲಗೆ, ಆಂಟಿ..."

"ಮೆಲ್ಲಗೆ ತಿರುವಿದ್ರೆ ಗಂಟಾಗ್ತದೆ!" ಹೆಂಗಸರು ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. "ಹಾಕು ಅರಾಬಾ! ಗಂಡನ ಮೇಲಿನ ಸಿಟ್ಟೆಲ್ಲ ತೀರಿಸ್ಕೋ!"

ನಿಲ್ಲಿಸು ಎನ್ನಬೇಕಿತ್ತು. ಎಕುವಾ ಬಾಯಿ ತೆರೆದಳು. ಅಷ್ಟರಲ್ಲಿ ನಾನಾ ಊರುಗೋಲು ಹುಡುಕುತ್ತಾ ಅರ್ಧ ಎದ್ದಿದ್ದರು. ಅವಳು ಬಾಯಿ ಮುಚ್ಚಿಕೊಂಡಳು.

ಕಲಕುವುದು ನಿಂತ ಮೇಲೆ ಎಣ್ಣೆ ಮೇಲೆ ಬಂತು, ಮಣ್ಣು ತಳಕ್ಕಿಳಿಯಿತು. ಕೆಳಗೆ ಗಾಜಿನಂಥ ತಿಳಿನೀರು. ನೋಡಿದವರೆಲ್ಲ ಅಬ್ಬಾ ಎಂದರು. ಎಕುವಾ ಮಾತ್ರ ಮೇಲಿನದನ್ನು ನೋಡುತ್ತಿದ್ದಳು. ಹಾಲಿನ ಕೆನೆಯಂತೆ ಬೆಳ್ಳಗೆ ನಿಲ್ಲಬೇಕಾದದ್ದು ಬರೀ ಹಳದಿ ಎಣ್ಣೆಯಾಗಿ ತೇಲುತ್ತಿತ್ತು. ಗುಳ್ಳೆಗಳು ಒಡೆದಿದ್ದವು. ಸೀಸವೆಲ್ಲ ಆ ತಿಳಿನೀರಿನಲ್ಲೇ ಇತ್ತು.

ಅರಾಬಾ ಡ್ರಮ್ಮಿನ ನಲ್ಲಿ ತಿರುಗಿಸಿ ಸೋರೆಬುರುಡೆ ತುಂಬಿಸಿದಳು. "ಬಂದವರಿಗೆ ಮೊದಲು ನೀರು, ಆಮೇಲೆ ಮಾತು ಅಂತ ನಮ್ಮ ಪದ್ಧತಿ. ನೀನು ಬೆಳಗ್ಗೆ ಬಂದೆ. ಈ ನೀರು ಬಾಯಿಗಿಡೋ ಹಾಗಿರ್ಲಿಲ್ಲ, ಹೇಗೆ ಕೊಡ್ಲಿ? ಈಗ ಕುಡಿ ತಾಯಿ, ನೀನೇ ಮೊದಲು."

ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಬುರುಡೆ ಎತ್ತುವ ಮೊದಲು ನಾಲ್ಕು ಹನಿ ನೆಲಕ್ಕೆ, ತೀರಿಹೋದ ಹಿರಿಯರಿಗೆ. ಅದು ಎಕುವಾಳ ಮನೆಯಲ್ಲೂ ಇದ್ದದ್ದೇ. ಅವಳು ಬುರುಡೆ ಬಗ್ಗಿಸಿದಳು. ನಾಲ್ಕು ಹನಿ ಬಿದ್ದವು. ಕೈ ನಿಲ್ಲಲಿಲ್ಲ, ಬುರುಡೆ ಖಾಲಿಯಾಗುವ ತನಕ ಸುರಿದೇ ಸುರಿಯಿತು.

"ಇವತ್ತು... ಪೂರ್ತಿ ಅವರಿಗೇ," ಎಂದಳು.

ನಾನಾರ ಮುಖ ಅರಳಿತು. "ಓದಿದ ಹುಡುಗಿ, ಆದ್ರೂ ಹಿರಿಯರನ್ನ ಮರೆತಿಲ್ಲ ನೋಡಿ. ಇರ್ಲಿ, ಡ್ರಮ್ಮು ಇಲ್ಲೇ ಇರ್ಲಿ." ಅವರು ಊರುಗೋಲು ಊರಿ ಹೊರಟರು. ಸಾಲು ಮುಂದೊತ್ತಿತು. ನಲ್ಲಿಯ ಕೆಳಗೆ ಅರಾಬಾಳದೇ ಮೊದಲ ಬಕೆಟ್ಟು.

ಎಲ್ಲಿಂದಲೋ ಒಂದು ಹೇಂಟೆ ಬಂದು ನೆಲದಲ್ಲಿ ನಿಂತ ನೀರಿಗೆ ಕೊಕ್ಕು ಬಗ್ಗಿಸಿತು.

"ಹುಶ್! ಹುಶ್!" ಎಕುವಾ ತನಗೇ ತಿಳಿಯದಂತೆ ನೆಗೆದು, ಚಪ್ಪಲಿ ಜಾರಿದರೂ ಬಿಡದೆ ಅದನ್ನು ಅಟ್ಟಿಸಿಕೊಂಡು ಹೋದಳು.

ತಿರುಗಿ ನೋಡಿದರೆ ಅರಾಬಾ ನಲ್ಲಿ ನಿಲ್ಲಿಸಿದ್ದಳು. ಒದ್ದೆ ನೆಲವನ್ನು ನೋಡಿದಳು, ಓಡಿಹೋದ ಹೇಂಟೆಯನ್ನು ನೋಡಿದಳು, ಆಮೇಲೆ ಎಕುವಾಳನ್ನು.

"ಮಗಳೇ, ನಮ್ಮ ಹಿರಿಯರಿಗೆ ಕೊಟ್ಟ ನೀರು ನನ್ನ ಕೋಳಿಗೆ ಯಾಕೆ ಬೇಡ?"