ಎರಡು ಮನೆಯ ಯಜಮಾನ

ನಂಬದಿದ್ದರೂ ಸರಿ, ದೀಪ ಹಾಕಿಕೊಂಡು ಓದಿ. ಅಮೆರಿಕದ ಹಳೇ ಕಾಲದ ವರ್ತಕ ಮುತ್ಸದ್ದಿಯೊಬ್ಬನ ಎರಡು ಮನೆಗಳು ಈಗ ಮ್ಯೂಸಿಯಂ. ಒಂದರಲ್ಲಿ ಕ್ಯಾಲೆಬ್, ಇನ್ನೊಂದರಲ್ಲಿ ಸೈಲಸ್ ಅವನ ವೇಷ ಹಾಕಿ, ಅವನ ಹಾಗೇ ಮಾತಾಡಿ ಪ್ರವಾಸಿಗರನ್ನು ರಂಜಿಸುತ್ತಿದ್ದರು. ಮ್ಯೂಸಿಯಂ ನೋಡಿಕೊಳ್ಳಲು ಹೊಸ ಮೇಡಂ ಬಂದವರೇ, "ಎರಡೂ ಮನೆಗೆ ಒಬ್ಬ ಯಜಮಾನ ಸಾಕು," ಎಂದುಬಿಟ್ಟರು.

ಕೆಲಸ ಉಳಿಸಿಕೊಳ್ಳಬೇಕಲ್ಲ! ತಾನೇ ಅಸಲಿ ಯಜಮಾನನ ಹಾಗೆ ಎಂದು ಮೇಡಂಗೆ ತೋರಿಸಲು ಕ್ಯಾಲೆಬ್ ಸಂಜೆ ವೇಷ ಹಾಕಿ ಯಜಮಾನನ ಮಂಚದ ಪರದೆಯೊಳಗೆ ಅಡಗಿ ಕೂತ. ಮೇಡಂ ಕೋಣೆಗೆ ಬರುತ್ತಲೇ ಗುಡುಗಿದ: "ಯಾರದು ನನ್ನ ಮನೆಯಲ್ಲಿ?"

ಅವನ ಪಕ್ಕದಲ್ಲೇ ಇನ್ನೊಂದು ದನಿ ಗದರಿತು: "ನಿನ್ನ ಮನೆ ಅಂತ ಯಾರಯ್ಯಾ ಹೇಳಿದ್ದು?"

"ನೀನೂ ಬಂದೆಯೇನೋ, ಸೈಲಸ್?" ಕ್ಯಾಲೆಬ್ ಕತ್ತಲಲ್ಲಿ ಪಿಸುಗುಟ್ಟಿದ.

ಕಿಟಾರನೆ ಕಿರುಚಿದ ಮೇಡಂ ಪರದೆ ಸರಿಸಿ ನೋಡಿ, ಸೂರು ಹಾರಿಹೋಗುವ ಹಾಗೆ ನಕ್ಕರು: "ಸೈಲಸ್ ಬೆಳಿಗ್ಗೆಯೇ ಕೆಲಸವನ್ನೂ ಊರನ್ನೂ ಬಿಟ್ಟರು, ಇನ್ನು ಎರಡೂ ಮನೆ ನಿಮ್ಮದೇ ಕಣ್ರೀ! ಅದಿರಲಿ, ಒಬ್ಬರೇ ಕೂತು ಎರಡು ದನಿ ಹೇಗೆ ತೆಗೆದಿರಿ?"