ಪಾರಣೆಯವರೆಗೆ

ಅಂಬುಜಕ್ಕ ತೀರಿಕೊಂಡ ಸುದ್ದಿ ಬಂದ ದಿನವೇ ಹೊರಟು ಹೋದೆ. ಅವಳ ಮಗಳು ವಸುಮತಿ ನನ್ನನ್ನು ಪಕ್ಕಕ್ಕೆ ಕರೆದು, ಅಮ್ಮನ ಮೈಸೂತ್ರಗಳನ್ನು ತೋರಿಸಿದಳು.

ಮನೆಮದ್ದಿನಂತೆ ಮೈಸೂತ್ರ ಬರೆಯುವುದೂ ನಮ್ಮಲ್ಲಿ ಹಿರಿಯರ ಕೆಲಸ. ಮೈಯಲ್ಲಿ ಇಂಥದ್ದು ಕಂಡರೆ ಇಂಥದ್ದಾಗಲಿ ಎಂದು ಬರೆದರೆ ಮೈ ಹಾಗೆಯೇ ನಡೆಯುತ್ತದೆ. ಏಕಾದಶಿಯ ಉಪವಾಸಕ್ಕೆಂದು ಅಕ್ಕ ಕೇಳಿದಾಗ ನಾನೊಂದು ಬರೆದುಕೊಟ್ಟಿದ್ದೆ: ಹಸಿವು ಹುಟ್ಟಿದರೆ ಅದು ತೃಪ್ತಿಯಾಗಲಿ.

ಕೆಲವು ವಾರಗಳ ಮೇಲೆ ಅವಳು ಫೋನಿನಲ್ಲಿ ನಕ್ಕಿದ್ದಳು. "ಊಟಾನೇ ಬೇಡ ಅನ್ಸತ್ತೆ ಕಣೋ ಶೇಷು. ನಿನಗಿಂತ ಮೊದಲು ನಾನೇ ಋಷಿ ಆದೆ ನೋಡು!" ನಾವೆಲ್ಲ ಅದನ್ನು ದೇವರ ಕೃಪೆ ಎಂದುಕೊಂಡೆವು.

ಈಗ ವಸುಮತಿ ಆ ಸೂತ್ರವನ್ನೇ ತೋರಿಸಿ ಕೇಳಿದಳು: "ಹಸಿವೇ ಆಗದೆ, ಉಣ್ಣದೆ ಅಮ್ಮ ಸೊರಗಿ ಹೋದ್ಲು. ದ್ವಾದಶಿಯ ಪಾರಣೆಯವರೆಗೆ ಅಂತ ಯಾಕೆ ಬರೀಲಿಲ್ಲ, ಮಾವ?"

"ಮರೆತೆ ಕಣಮ್ಮ. ನಾನೇ ಕೊಂದೆ."

ವಸುಮತಿ ಕಣ್ಣೊರೆಸಿಕೊಂಡು, "ಈ ಸಂಕಟ ಹೀಗೇ ಇದ್ರೆ ನೀವೂ ಉಳಿಯಲ್ಲ. ಅದು ನೆಮ್ಮದಿಯಾಗಲಿ ಅಂತ ನಿಮಗೊಂದು ಸೂತ್ರ ಬರೀಲಾ?" ಎಂದಳು.

"ಬೇಡಮ್ಮ. ಇದು ನನ್ನಲ್ಲೇ ಇರಲಿ."

ಅಕ್ಕನ ತಲೆಯ ಬಳಿ ಹಚ್ಚಿಟ್ಟಿದ್ದ ದೀಪದ ಮುಂದೆ ಕೈಮುಗಿದೆ. ಸ್ವಾಮಿ, ಅವಳ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಬಳಿಯಲ್ಲಾದರೂ ಅವಳಿಗೆ ಹಸಿವಾಗಲಿ, ಹೊಟ್ಟೆ ತುಂಬ ಉಣ್ಣಲಿ.