ಬರ್ಮುಡಾ ಹುಲ್ಲಿನ ಬೀಜ

ಮೊದಲು ಅನುಮಾನ ಬಂದದ್ದು ಗುಬ್ಬಚ್ಚಿಗಳ ಮೇಲೆ. ಆಮೇಲೆ ಇರುವೆಗಳ ಮೇಲೆ. ಅವೆರಡೂ ಅಲ್ಲವೆಂದು ಖಾತ್ರಿಯಾದ ಮೇಲೆ ಎದುರುಮನೆಯ ಮಾಲಿ ಚಿಕ್ಕರಂಗಯ್ಯನ ಮೇಲೆ. ಬಿತ್ತಿ ಎರಡು ವಾರ ದಾಟಿದರೂ ಪಟ್ಟಾಭಿರಾಮರ ಮನೆಯ ಮುಂದೆ ಲಾನಿನ ಹುಲ್ಲು ಒಂದೆಸಳೂ ಕಂಡಿರಲಿಲ್ಲ. ಅಂದಮೇಲೆ ಬೀಜ ಎಲ್ಲಿಗೋ ಹೋಗಿರಲೇಬೇಕು.

ಬಿತ್ತಿದ ಕೆಂಪಯ್ಯ ಹಾಗಲವಾಡಿಯವನು. ರಾಗಿ ಹೊಲದಲ್ಲಿ ಬೆಳೆದ ಜೀವ. ಲಾನ್ ಎಂಬುದನ್ನು ದೊಡ್ಡವರ ಕಾಂಪೌಂಡಿನಾಚೆಯಿಂದ ಇಣುಕಿ ನೋಡಿದ್ದನೇ ಹೊರತು ಮುಟ್ಟಿದವನಲ್ಲ. ಆದರೂ ಲಾನ್ ಬೆಳೆಸುತ್ತೀಯಾ ಎಂದು ಪಟ್ಟಾಭಿರಾಮರು ಕೇಳಿದಾಗ ಹೂಂ ಎಂದುಬಿಟ್ಟ. ಅನ್ನದೆ ಗತಿಯಿರಲಿಲ್ಲ. ಅವರು ಸರ್ಕಾರಿ ಎಂಜಿನಿಯರು. ಗುಬ್ಬಿ ಊರಿನ ಸರ್ಕಾರಿ ಬಂಗಲೆಯೊಂದಕ್ಕೆ ಮಾಲಿ ಬೇಕಾಗಿದ್ದ. ಮಾಲಿಗೆಂದು ಬಂಗಲೆಯ ಹಿಂದೆ ಒಂದು ಕೋಣೆಯೂ ಇತ್ತು. ಶ್ರಾವಣದಲ್ಲಿ ಅವರ ಮೇಲಧಿಕಾರಿ ಸದಾಶಿವನಗರದ ಈ ಹೊಸ ಮನೆಗೆ ಕಾಫಿಗೆ ಬರುವವರಿದ್ದರು. ಅವರು ಲಾನ್ ನೋಡಿ ತಲೆದೂಗಿದರೆ ಕೆಲಸ ಕೆಂಪಯ್ಯನದು.

ಆ ಕೋಣೆಗಾಗಿ ಅವನು ಏನು ಮಾಡಲಿಕ್ಕೂ ತಯಾರಿದ್ದ. ಹೆಂಡತಿ ಪುಟ್ಟತಾಯಮ್ಮ ತನ್ನ ಅಣ್ಣನ ಮನೆಯ ಹಜಾರದ ಮೂಲೆಯಲ್ಲಿ, ಅತ್ತಿಗೆಯ ಕೊಂಕುಮಾತು ನುಂಗಿಕೊಂಡು ಕೂಸನ್ನು ಸಾಕುತ್ತಿದ್ದಳು. ಹೋದ ಸಲ ಕೆಂಪಯ್ಯ ಊರಿಗೆ ಹೋದಾಗ ಕೂಸು ಯಾರೋ ಅಪರಿಚಿತ ಬಂದನೆಂದು ಕಿರುಚಿ ಅತ್ತಿತ್ತು. ಅತ್ತಿಗೆ ಅದಕ್ಕೂ ನಕ್ಕಿದ್ದಳು.

ಅವನು ನೆಲ ಹದ ಮಾಡಿದ್ದನ್ನು ನೋಡಬೇಕಿತ್ತು. ಮೊಳದಾಳ ಅಗೆದು, ಮನೆ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಗಾರೆಚೂರುಗಳನ್ನೆಲ್ಲ ಆಯ್ದ. ಮಣ್ಣನ್ನು ಜರಡಿ ಹಿಡಿದ. ಕೆರೆಗೋಡು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಹಲಗೆ ಎಳೆದು ಮಟ್ಟ ಮಾಡಿದ. ಬೀಜ ಬಂದದ್ದು ಪೇಟೆಯ ವೆಂಕಟರಂಗಯ್ಯನ ಅಂಗಡಿಯಿಂದ, ತಗಡಿನ ಡಬ್ಬದಲ್ಲಿ. ಮೇಲಿನ ಇಂಗ್ಲಿಷ್ ಅಕ್ಷರ ಓದಿದ ಪಟ್ಟಾಭಿರಾಮರು, ಬರ್ಮುಡಾ ಎಂದಿದೆ, ಸಮುದ್ರದಾಚೆಯ ದ್ವೀಪದ ಹೆಸರು ಎಂದು ವಿವರಿಸಿದರು. ಚಿತ್ರದಲ್ಲಿ ಹುಲ್ಲು ರತ್ನಗಂಬಳಿಯ ಹಾಗಿತ್ತು. ಬೀಜವೋ ಗಸಗಸೆಯ ತಮ್ಮ. ಕೆಂಪಯ್ಯ ಅದಕ್ಕೆ ಮರಳು ಬೆರೆಸಿ, ಗಾಳಿ ನಿಲ್ಲುವುದನ್ನು ಕಾದು, ಎರಚಿದ.

ಅಲ್ಲಿಂದ ಶುರುವಾಯಿತು ಪಾಡು. ಗುಬ್ಬಚ್ಚಿಗಳಿಗೆ ಬೆದರುಬೊಂಬೆ ನಿಲ್ಲಿಸಿದ. ಇರುವೆಗಳಿಗೆ ಅಂಚಿನುದ್ದಕ್ಕೂ ಅರಿಶಿನ ಚೆಲ್ಲಿದ. ಚಿಕ್ಕರಂಗಯ್ಯನಿಗೆ ಮಾತ್ರ ಏನು ಚೆಲ್ಲಬೇಕೆಂದು ತಿಳಿಯಲಿಲ್ಲ. ಗುಬ್ಬಿಯ ಬಂಗಲೆಯ ಕೆಲಸದ ಮೇಲೆ ಅವನಿಗೂ ಕಣ್ಣಿತ್ತು. ಗೋಡೆಯ ಮೇಲೆ ಕತ್ತು ಚಾಚಿ, ಇನ್ನೂ ಬಂದಿಲ್ಲವೇ ಎಂದು ದಿನವೂ ವಿಚಾರಿಸುತ್ತಿದ್ದ. ಆ ವಿಚಾರಣೆಗೇ ಕೆಂಪಯ್ಯನ ಮೈ ಉರಿಯುತ್ತಿತ್ತು.

ಬರುತ್ತಿದ್ದದ್ದು ಬರೀ ಕಳೆ. ಅಣ್ಣೆಸೊಪ್ಪು, ತುಂಬೆ, ಗರಿಕೆ, ಹೊನಗೊನ್ನೆ. ಗೊಬ್ಬರದಲ್ಲಿ, ಕೆರೆಗೋಡಿನಲ್ಲಿ ಸೇರಿಕೊಂಡು ಬಂದಿರಬೇಕೆಂದು ತನ್ನನ್ನೇ ಬೈದುಕೊಂಡ. ವಿಲಾಯತಿ ಹುಲ್ಲು ನಾಜೂಕಿನದು, ಅದರ ಪಾಲಿನ ಸಾರವನ್ನು ಇವು ಹೀರಬಾರದು. ಬೆಳಕು ಹರಿದರೆ ಸಾಕು, ಕುಕ್ಕರಗಾಲಲ್ಲಿ ಕೂತು ಒಂದೂ ಬಿಡದೆ ಕೀಳುತ್ತಿದ್ದ. ಪಟ್ಟಾಭಿರಾಮರು ಆಫೀಸಿಗೆ ಹೊರಡುವ ಹೊತ್ತಿಗೆ ನೆಲ ಚೊಕ್ಕಟವಾಗಿ ಮಲಗಿರುತ್ತಿತ್ತು. ಅವರಿಗೆ ಅವನ ಶ್ರದ್ಧೆ ಮೆಚ್ಚುಗೆಯಾಗಿತ್ತು. ಹುಲ್ಲು ಬಾರದ್ದು ಬೇರೆ ಮಾತು.

ಅವರ ಹೆಂಡತಿ ಅಂಬುಜಮ್ಮನವರು ಒಳ್ಳೆಯ ಹೆಂಗಸು. ಪೂಜೆಗೆ ಹೂ ಕೊಯ್ಯಲು ಬಂದವರು ಕೆಂಪಯ್ಯ ಕಿತ್ತದ್ದರಲ್ಲಿ ಗಣಪತಿಗೆ ಗರಿಕೆ ಆರಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದು ಕಂಡು ಅವರಿಗೆ ಕರುಳು ಚುರುಕ್ಕೆಂದಿತು.

"ನಿನ್ನ ಲಾನ್ ಬರ್ಲಿ ಅಂತ್ಲೇ ಇದನ್ನ ದಿನಾ ಗಣಪತಿಗೆ ಏರಿಸ್ತಿದೀನಿ ಕಣಯ್ಯ. ಅವನು ಕೈ ಬಿಡಲ್ಲ," ಎಂದರು.

"ಬುಡಿ ಅಮ್ಮಾವ್ರೆ. ನನ್ ಕೈಯಲ್ಲೇ ಏನೋ ಐತೆ," ಎಂದ ಕೆಂಪಯ್ಯ.

ಹಾಗೆಂದು ಅವನಿಗೆ ನಿಜವಾಗಿಯೂ ಅನ್ನಿಸತೊಡಗಿತ್ತು. ನೀರು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದ, ಕಡಿಮೆಯಾಯಿತೇನೋ ಎಂದು ಹೆಚ್ಚು ಮಾಡಿದ. ಕೇಳೋಣವೆಂದರೆ ಬಲ್ಲವನು ಚಿಕ್ಕರಂಗಯ್ಯನೊಬ್ಬನೇ. ಅವನನ್ನು ಕೇಳುವ ಬದಲು ಕೆರೆಗೆ ಬೀಳುವುದು ವಾಸಿ. ಮೇಲಧಿಕಾರಿ ಬರುವ ಭಾನುವಾರ ಹತ್ತಿರವಾದಂತೆ ಅವನಿಗೆ ಅನ್ನ ಇಳಿಯಲಿಲ್ಲ. ಕೋಣೆ ಸಿಕ್ಕಿಯೇಬಿಟ್ಟಿತೆಂಬಂತೆ ಪುಟ್ಟತಾಯಮ್ಮ ಒಂದು ಚಾಪೆ ಕೊಂಡಿಟ್ಟಿದ್ದಾಳೆಂದು ಊರಿನಿಂದ ಸುದ್ದಿ ಬಂದಿತ್ತು.

ಶುಕ್ರವಾರ ಪಟ್ಟಾಭಿರಾಮರ ತಾಳ್ಮೆ ಮುಗಿಯಿತು. ಕೆಂಪಯ್ಯ ಗಂಟುಮೂಟೆ ಕಟ್ಟಲು ಎದ್ದ. ಆದರೆ ಅವರ ಸಿಟ್ಟು ಅವನ ಮೇಲಲ್ಲ.

"ನಿನ್ನ ಕೆಲಸ ನಾನು ಕಣ್ಣಾರೆ ನೋಡಿದೀನಿ. ನಿಂದು ಇಷ್ಟೂ ತಪ್ಪಿಲ್ಲ. ಆ ಅಂಗಡಿಯವನು ಸತ್ತ ಬೀಜ ಮಾರಿದಾನೆ. ನಡಿ, ವಿಚಾರಿಸೋಣ," ಎಂದರು.

ಇಷ್ಟು ದಿನಕ್ಕೆ ಒಬ್ಬರಾದರೂ ತನ್ನ ಪರ ನಿಂತರಲ್ಲ ಎಂದುಕೊಂಡ ಕೆಂಪಯ್ಯ. ಲ್ಯಾಂಬ್ರೆಟ್ಟಾ ಸ್ಕೂಟರಿನ ಹಿಂದೆ ಕೂತು ಹೋದ. ಅಂಗಡಿಯಲ್ಲಿ ಪಟ್ಟಾಭಿರಾಮರು ನಾಲ್ಕು ಜನ ಸೇರುವಷ್ಟು ಜೋರಾಗಿಯೇ ಮಾತಾಡಿದರು. ವೆಂಕಟರಂಗಯ್ಯ ಗಲ್ಲಾ ಬಿಟ್ಟು ಎದ್ದ. ತಾನು ಮಾರುವ ಪ್ರತಿ ಬೀಜವನ್ನೂ ಒಂದು ಚಿಟಿಕೆ ಹಿತ್ತಲಿನ ಟ್ರೇಯಲ್ಲಿ ಹಾಕಿ ನೋಡುವುದು ತನ್ನ ಪದ್ಧತಿ ಎಂದು ಹೇಳಿ, ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ.

"ನೀವು ಕೊಂಡ ವಾರವೇ ಹಾಕಿದ್ದು ಸ್ವಾಮಿ. ಅದೇ ಬರ್ಮುಡಾ ಬೀಜ. ಮಣ್ಣೂ ನಂದು, ಬೆಂಕಿಯಲ್ಲಿ ಹುರಿದದ್ದು, ಬೇರೇನೂ ಹುಟ್ಟೋ ಹಾಗಿಲ್ಲ. ಸತ್ತಿದೆಯೋ ಬದುಕಿದೆಯೋ ನೀವೇ ನೋಡಿ," ಎಂದು ಟ್ರೇಯ ಮೇಲಿನ ಗೋಣಿ ಸರಿಸಿದ.

ಟ್ರೇ ತುಂಬ ಹಸಿರು. ಕೆಂಪಯ್ಯ ಬಾಗಿ ನೋಡಿದ. ರೂಢಿಬಿದ್ದ ಬೆರಳು ತಾನಾಗಿ ಮುಂದೆ ಹೋಗಿ ಒಂದು ಗರಿಕೆಯನ್ನು ಬುಡಸಮೇತ ಕಿತ್ತ ಮೇಲೆಯೇ ಅವನಿಗೆ ತಿಳಿದದ್ದು, ಅಲ್ಲಿ ಅದಲ್ಲದೆ ಬೇರೇನೂ ಇಲ್ಲವೆಂದು.